ಕಾಫಿ ಗೋದಾಮಿನಲ್ಲಿ ಬೆಳಕಿನ ಕೋಣೆ ಕಟ್ಟಿದ ಬಗೆ

ಚಿಕ್ಕಮಗಳೂರಿನ ಹೊರವಲಯದ ಒಂದು ಖಾಸಗಿ ಕಲಾ ಗ್ಯಾಲರಿಯವರು ತಮ್ಮ ಹಿತ್ತಲಿನ ಹಳೆಯ ಕಾಫಿ ಗೋದಾಮನ್ನು ಗ್ಯಾಲರಿಗೆ ಸೇರಿಸಿಕೊಂಡು, ಅದರೊಳಗೆ ಬರೀ ಬೆಳಕಿನದೇ ಒಂದು ಕೋಣೆ ಬೇಕೆಂದರು. ಹಾಸನ, ಚಿಕ್ಕಮಗಳೂರು ಸುತ್ತಿನ ನಾಟಕ ತಂಡಗಳಿಗೆ ಬೆಳಕಿನ ಕೆಲಸ ಮಾಡಿಕೊಡುವ ನನ್ನನ್ನು ಕರೆದು ಹೊಣೆ ಒಪ್ಪಿಸಿದರು. ಕೆಲಸ ಈಗ ಮುಗಿದಿದೆ. ಮಲೆನಾಡಿನ ಹವೆಯಲ್ಲಿ ಇಂಥದ್ದನ್ನು ಕಟ್ಟಲು ಹೊರಡುವವರಿಗೆ ಉಪಯೋಗವಾಗಲೆಂದು ಅಳತೆ, ಖರ್ಚು, ಕೈಕೊಟ್ಟ ಪ್ರಯತ್ನ ಎಲ್ಲವನ್ನೂ ಬರೆದಿಡುತ್ತಿದ್ದೇನೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಒಟ್ಟು ಖರ್ಚಿನಲ್ಲಿ ಈಗ ಅಲ್ಲಿರುವ ದೀಪಗಳ ಪಾಲು ಹತ್ತರಲ್ಲಿ ಒಂದು. ಉಳಿದದ್ದರಲ್ಲಿ ಬಹುಪಾಲು ಗೋಡೆಗೆ ಹೋಯಿತು, ಹೋಗಬೇಕಾದದ್ದೂ ಅಲ್ಲಿಗೇ.

1. ಯೋಜನೆ, 2025ರ ಜುಲೈ

ಡೆನ್ಮಾರ್ಕಿನ ಆರ್ಹುಸ್ ನಗರದ ಆರೋಸ್ ಕಲಾ ಸಂಗ್ರಹಾಲಯ ತನ್ನ ವಿಸ್ತರಣೆಯ ಭಾಗವಾಗಿ ಆಗ ಅಮೆರಿಕದ ಕಲಾವಿದ ಜೇಮ್ಸ್ ಟರೆಲ್ ಅವರ ಬೆಳಕಿನ ಗುಮ್ಮಟವನ್ನು ಕಟ್ಟಿಸುತ್ತಿತ್ತು. 40 ಮೀಟರ್ ಅಗಲ, 16 ಮೀಟರ್ ಎತ್ತರ, ನೆತ್ತಿಯಲ್ಲಿ ಆಕಾಶಕ್ಕೆ ದುಂಡನೆಯ ಕಿಂಡಿ. ಅದರ ಚಿತ್ರಗಳನ್ನು ನೋಡಿ ಗ್ಯಾಲರಿಯವರಿಗೆ ನಮ್ಮ ಗೋದಾಮಿನ ಮಾಡಿಗೂ ಅಂಥ ಕಿಂಡಿ ಕೊರೆಸುವ ಆಸೆ. ಮಂಗಳೂರು ಹೆಂಚಿನ ಮಾಡಿಗೆ ತೂತು ಮಾಡಿದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಆಕಾಶ ಇಳಿಯುವುದಿಲ್ಲ, ನೀರು ಇಳಿಯುತ್ತದೆ. ಕಿಂಡಿಯನ್ನು ಗೋಡೆಗೆ ತಂದೆವು.

ಗೋದಾಮಿನ ಒಳಅಳತೆ 30 ಅಡಿ ಉದ್ದ, 16 ಅಡಿ ಅಗಲ. ಅದನ್ನು ಮೂರು ಭಾಗ ಮಾಡಿದೆ. ಬಾಗಿಲ ಬಳಿ 4 ಅಡಿ ಅಗಲದ ಕತ್ತಲ ಓಣಿ, ನಡುವೆ ನೋಡುವವರು ಕೂರುವ 16 ಅಡಿಯ ಕೋಣೆ, ಕೊನೆಯಲ್ಲಿ 10 ಅಡಿ ಆಳದ ಬೆಳಕಿನ ಗೂಡು. ಗೂಡಿಗೂ ಕೋಣೆಗೂ ನಡುವಿನ ಅಡ್ಡಗೋಡೆಯಲ್ಲಿ 8 ಅಡಿ ಅಗಲ, 6 ಅಡಿ ಎತ್ತರದ ಕಿಂಡಿ. ನೆಲದಿಂದ ಎರಡೂವರೆ ಅಡಿ ಮೇಲೆ. ದೀಪಗಳೆಲ್ಲ ಅಡ್ಡಗೋಡೆಯ ಹಿಂಬದಿಯಲ್ಲಿ, ಕಿಂಡಿಯ ಸುತ್ತ ಅಡಗಿರುತ್ತವೆ. ಕೂತವರಿಗೆ ಕಾಣುವುದು ಗೂಡಿನೊಳಗಿನ ಬಣ್ಣ ಮಾತ್ರ. ಎಲ್ಲವೂ ಸರಿಯಾದರೆ ಅದು ಆಳವಿರುವ ಜಾಗ ಎಂದು ಅನಿಸುವುದೇ ಇಲ್ಲ, ಗೋಡೆಗೆ ಅಂಟಿಸಿದ ಬಣ್ಣದ ಹಾಳೆಯಂತೆ ಇರುತ್ತದೆ. ಹತ್ತಿರ ಹೋಗಿ ಕೈ ಚಾಚಿದಾಗ ಕೈ ಒಳಗೆ ಹೋಗುತ್ತದೆ. ಟರೆಲ್ ದಶಕಗಳಿಂದ ಮಾಡುತ್ತ ಬಂದಿರುವ ಹಲವು ಬಗೆಯ ಕೆಲಸಗಳಲ್ಲಿ ಇದೂ ಒಂದು.

ಇದಕ್ಕೆ ಬೇಕಾದದ್ದು ಮೂರು: ಮೂಲೆಯೇ ಇಲ್ಲದ ಗೂಡು, ಹೊಳಪೇ ಇಲ್ಲದ ಬಿಳುಪು, ದಪ್ಪವೇ ಕಾಣದ ಕಿಂಡಿಯ ಅಂಚು. ಮೂರೂ ಗಾರೆಯವರ, ಬಡಗಿಗಳ ಕೆಲಸ.

2. ಮಾಡು ಮತ್ತು ಜಿಪ್ಸಂ ಹಲಗೆ, ಆಗಸ್ಟ್‌ನಿಂದ ಸೆಪ್ಟೆಂಬರ್

ಒಡೆದ ಹೆಂಚು ಬದಲಿಸಿ, ಕೊಳೆತ ರೀಪುಗಳನ್ನು ತೆಗೆದು, ಹೆಂಚಿನಡಿ ನೀರು ತಡೆಯುವ ಹಾಳೆ ಹೊದಿಸಿದ್ದಕ್ಕೆ 38,000 ರೂಪಾಯಿ. ಹಳೆಯ ತೊಲೆಗಳ ಮೇಲೆ ಗೂಡಿನ ಭಾರ ಬೀಳಬಾರದೆಂದು ನೆಲದಿಂದಲೇ ನಿಲ್ಲುವ ಕಬ್ಬಿಣದ ಚೌಕಟ್ಟು ಮಾಡಿಸಿದೆವು.

ಗೂಡಿನ ಒಳಮೈಗೆ ಮೊದಲು ಜಿಪ್ಸಂ ಹಲಗೆ ಹಾಕಿದೆವು. ಬೇಗ ಮುಗಿಯುತ್ತದೆ, ನೋಡಲು ಸಪಾಟು, ಬಾಗಿಸಲು ತೆಳು ಹಲಗೆಯೂ ಸಿಗುತ್ತದೆ. ಆಗಸ್ಟ್ ಮಳೆಗೆ ಹಲಗೆಯ ಹಿಂಬದಿಯ ಕಾಗದ ಥಂಡಿ ಹೀರಿತು. ಸೆಪ್ಟೆಂಬರ್‌ನಲ್ಲಿ ಕೆಳಸಾಲಿನ ಜೋಡಣೆಗಳ ಉದ್ದಕ್ಕೂ ಬೂದುಬಣ್ಣದ ಬೂಷ್ಟು ಎದ್ದಿತು. ಒರೆಸಿದರೆ ಹೋಗುತ್ತದೆ, ಒಂದು ವಾರ ಮಳೆ ಹಿಡಿದರೆ ಮತ್ತೆ ಬರುತ್ತದೆ. ಮನೆಯ ಗೋಡೆಯಾದರೆ ಬೀರು ಅಡ್ಡ ಇಟ್ಟು ಬದುಕಬಹುದು. ಇಲ್ಲಿ ನೋಡಲು ಇರುವುದೇ ಆ ಗೋಡೆ. ಎಲ್ಲವನ್ನೂ ಕಿತ್ತು ಹಾಕಿಸಿದೆವು. 17,000 ರೂಪಾಯಿ ಹೋಯಿತು. ಹವಾನಿಯಂತ್ರಣವಿಲ್ಲದ ಕಟ್ಟಡಕ್ಕೆ ಮಲೆನಾಡಿನ ಮಳೆಗಾಲದಲ್ಲಿ ಜಿಪ್ಸಂ ಹಲಗೆ ಬೇಡ. ತೇವ ನಿರೋಧಕವೆಂದು ಮಾರುವ ಹಸಿರು ಹಲಗೆಯನ್ನೂ ಇಂಥ ಕಡೆ ನಾನು ನಂಬುವುದಿಲ್ಲ.

3. ಮೂಲೆ ಇಲ್ಲದ ಗೂಡು, ಅಕ್ಟೋಬರ್‌ನಿಂದ ಡಿಸೆಂಬರ್

ಮೂಲೆಗಳನ್ನು ಎರಡು ಅಡಿ ತ್ರಿಜ್ಯದಲ್ಲಿ ಬಾಗಿಸಬೇಕಿತ್ತು. ಗೋಡೆ ಗೋಡೆ ಸೇರುವಲ್ಲಿ, ಗೋಡೆ ನೆಲ ಸೇರುವಲ್ಲಿ, ಗೋಡೆ ಮುಚ್ಚಿಗೆ ಸೇರುವಲ್ಲಿ. ಇವೆಲ್ಲ ಕೂಡುವ ನಾಲ್ಕು ಹಿಂಬದಿ ಮೂಲೆಗಳಲ್ಲಿ ಅದು ಮಡಕೆಯ ಒಳಮೈಯ ಹಾಗೆ ಎಲ್ಲ ದಿಕ್ಕಿಗೂ ಬಾಗಬೇಕು. ಮಾತನಾಡಿಸಿದ ಗಾರೆಯವರು ಗೆರೆ ಹಿಡಿದು, ತೂಗುಗುಂಡು ಬಿಟ್ಟು ನೇರ ಮಾಡಿಕೊಡುತ್ತೇವೆ ಎಂದರೇ ವಿನಾ ಬಾಗಿಸುವ ಮಾತಿಗೆ ಒಪ್ಪಲಿಲ್ಲ. ಕೊನೆಗೆ ಕಡೂರು ಕಡೆಯ ಒಬ್ಬ ಹಿರಿಯ ಮೇಸ್ತ್ರಿ ಸಿಕ್ಕರು. ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿ, “ಇದು ಗೋಬರ್ ಗ್ಯಾಸ್ ಗುಂಡಿಯಲ್ಲವೇ ಸ್ವಾಮಿ, ಅಡ್ಡ ಮಲಗಿಸಿದ್ದೀರಿ ಅಷ್ಟೇ” ಎಂದರು. ಅವರು ಹಳ್ಳಿಗಳಲ್ಲಿ ಗೋಬರ್ ಗ್ಯಾಸ್ ಘಟಕಗಳ ಇಟ್ಟಿಗೆ ಗುಮ್ಮಟಕ್ಕೆ ಒಳಗಿನಿಂದ ಗಾರೆ ಮಾಡಿದವರು. ಕೂದಲೆಳೆಯ ಬಿರುಕು ಬಿಟ್ಟರೂ ಗ್ಯಾಸ್ ಸೋರುವ ಕೆಲಸವದು. ಇಂಥವರು ನಿಮ್ಮೂರಿನಲ್ಲೂ ಇರುತ್ತಾರೆ, ಹುಡುಕಿ.

ಕ್ರಮ ಹೀಗೆ. 6 ಮಿಲಿಮೀಟರ್ ಕಬ್ಬಿಣದ ಸರಳುಗಳನ್ನು ಬಾಗಿಸಿ ಒಂದು ಅಡಿಗೆ ಒಂದರಂತೆ ಕಟ್ಟುವುದು. ಅದರ ಮೇಲೆ ಎರಡು ಪದರ ಕೋಳಿ ಜಾಲರಿ ಎಳೆದು ಬಿಗಿಯುವುದು. ಒಂದು ಪಾಲು ಸಿಮೆಂಟ್, ಒಂದು ಪಾಲು ಸುಣ್ಣ, ಆರು ಪಾಲು ಮರಳಿನ ಗಾರೆಯನ್ನು ಎರಡು ಸಲ ಕೊಡುವುದು. ಮೇಲೆ ನುಣ್ಣನೆಯ ಸುಣ್ಣದ ಗಾರೆಯ ತೆಳುಪದರ. ಪ್ಲೈವುಡ್ಡಿನಲ್ಲಿ ಎರಡು ಅಡಿ ತ್ರಿಜ್ಯದ ಕಾಲುವೃತ್ತ ಕತ್ತರಿಸಿಕೊಂಡು, ಅದನ್ನು ಪ್ರತಿ ಗೇಣಿಗೂ ಒತ್ತಿ ನೋಡುತ್ತ ಸಾಗಿದರು. ಗಾರೆ ಬೇಗ ಒಣಗಿ ಸೀಳಬಾರದೆಂದು ನೆನೆಸಿದ ಗೋಣಿತಾಟು ಹೊದಿಸಿಟ್ಟೆವು; ಕಾಫಿ ಗೋದಾಮಿನಲ್ಲಿ ಗೋಣಿಗೆ ಬರವಿರಲಿಲ್ಲ. ನವೆಂಬರ್‌ನಲ್ಲಿ ಕಾಫಿ ಕೊಯ್ಲು ಶುರುವಾಯಿತು, ಆಳುಗಳೆಲ್ಲ ತೋಟಕ್ಕೆ ಹೋದರು, ಕೆಲಸ ತೆವಳಿತು. ಇಲ್ಲಿ ಗಾರೆ ಕೆಲಸ ಹಿಡಿಯುವವರು ಕೊಯ್ಲಿನ ಲೆಕ್ಕ ಇಟ್ಟುಕೊಂಡೇ ದಿನ ಗೊತ್ತು ಮಾಡಬೇಕು.

ಹಗಲಿನಲ್ಲಿ ಗೋಡೆ ಚೆನ್ನಾಗಿಯೇ ಕಾಣುತ್ತದೆ. ಪರೀಕ್ಷೆ ರಾತ್ರಿ. ಎಲ್ಲ ದೀಪ ಆರಿಸಿ, ಟಾರ್ಚನ್ನು ಗೋಡೆಗೆ ಕೆನ್ನೆ ಒತ್ತಿದಂತೆ ಹಿಡಿದು ಬೆಳಕನ್ನು ಮೈಯುದ್ದಕ್ಕೂ ಹಾಯಿಸಿದಾಗ, ಕರಣೆ ನಿಂತಲ್ಲೆಲ್ಲ ನೆರಳು ಎದ್ದಿತು. ಕೈಗೆ ಸಿಗದ ಉಬ್ಬು ಕೂಡ ಬೆರಳುದ್ದದ ನೆರಳು ಚೆಲ್ಲುತ್ತದೆ. ಮೇಸ್ತ್ರಿ ಮೊದಲ ರಾತ್ರಿ ಸುಮ್ಮನೆ ನಿಂತು ನೋಡಿದರು. ಮರುದಿನದಿಂದ ಟಾರ್ಚನ್ನು ಅವರೇ ಹಿಡಿದರು. ಉಬ್ಬಿನ ಸುತ್ತ ಸೀಸದ ಕಡ್ಡಿಯಲ್ಲಿ ಗೆರೆ ಎಳೆಯುವುದು, ಬೆಳಿಗ್ಗೆ ನೀರು ಚಿಮುಕಿಸಿ ಉಜ್ಜುವುದು, ಕತ್ತಲಾದ ಮೇಲೆ ಮತ್ತೆ ನೋಡುವುದು. ಹಿಂಗೋಡೆಯ ಬಲಭಾಗದಲ್ಲಿ ಗಂಗಾಳದಷ್ಟು ಅಗಲದ ತಗ್ಗೊಂದು ಹಗಲಿನಲ್ಲಿ ಎಷ್ಟು ಹುಡುಕಿದರೂ ಸಿಗುತ್ತಿರಲಿಲ್ಲ. ಟಾರ್ಚಿಗೆ ಮಾತ್ರ ತಪ್ಪದೆ ಸಿಗುತ್ತಿತ್ತು. ಅದನ್ನು ತುಂಬಿ ಸುತ್ತಲಿನ ಮೈಗೆ ಸೇರಿಸಲು ಹಿಡಿದ ಹೊತ್ತಿನಲ್ಲಿ ಇನ್ನೊಂದು ಗೋಡೆ ಮುಗಿಯುತ್ತಿತ್ತು. ಗಾರೆಗೆ ಕಬ್ಬಿಣ, ಕೂಲಿ ಸೇರಿ 92,000 ರೂಪಾಯಿ ಆಯಿತು. ಇದರಲ್ಲಿ ಒಂದು ರೂಪಾಯಿ ಉಳಿಸಲು ಹೋಗಿದ್ದರೂ ಮುಂದಿನ ಕೆಲಸವೆಲ್ಲ ವ್ಯರ್ಥವಾಗುತ್ತಿತ್ತು.

4. ಸುಣ್ಣ, 2026ರ ಜನವರಿ

ಅಂಗಡಿಯಲ್ಲಿ ಸಿಗುವ ಹೊಳಪಿಲ್ಲದ ಎಮಲ್ಷನ್ ಬಣ್ಣವನ್ನು ಒಂದು ಚದರಡಿ ಬಳಿದು ನೋಡಿದೆ. ಎದುರಿನಿಂದ ಹೊಳಪಿಲ್ಲ, ನಿಜ. ಓರೆಯಿಂದ ನೋಡಿದರೆ ಸಣ್ಣ ಮಿನುಗು ಇದ್ದೇ ಇದೆ. ನಮ್ಮ ದೀಪಗಳ ಬೆಳಕು ಗೋಡೆಗೆ ಬೀಳುವುದೇ ಓರೆಯಿಂದ. ಪಕ್ಕದಲ್ಲಿ ಸುಣ್ಣ ಬಳಿದ ಚದರಡಿಯಲ್ಲಿ ಯಾವ ಕೋನದಿಂದಲೂ ಮಿನುಗಿಲ್ಲ. ಸುಣ್ಣದ ಮೇಲೆ ಬೂಷ್ಟು ಸುಲಭಕ್ಕೆ ಹಿಡಿಯುವುದೂ ಇಲ್ಲ. ನಿರ್ಧಾರ ಅಲ್ಲಿಗೇ ಆಯಿತು.

ಕರಾವಳಿಯಿಂದ ಬರುವ ಚಿಪ್ಪಿನ ಸುಣ್ಣವನ್ನು ಡ್ರಮ್ಮಿನಲ್ಲಿ ಅರಳಿಸಿ, ಮುಚ್ಚಿಟ್ಟು, ಬಟ್ಟೆಯಲ್ಲಿ ಸೋಸಿಕೊಂಡೆವು. ಬಳಿಯುವವರಿಗೆ ಒಂದೇ ಸಲಕ್ಕೆ ಮುಗಿಸುವ ಆತುರ. ದಪ್ಪಗೆ ಬಳಿದ ಮೊದಲ ಭಾಗ ಒಣಗುತ್ತಲೇ ಸಿಪ್ಪೆ ಎದ್ದು ಉದುರಿತು. ಹಾಲಿನಷ್ಟು ತೆಳುವಾಗಿರಬೇಕು, ಗೋಡೆ ಮೊದಲು ನೆನೆದಿರಬೇಕು, ಬಳಿದಾಗ ಏನೂ ಕಾಣಬಾರದು, ಒಣಗಿದ ಮೇಲೆ ಬಿಳುಪು ಏಳಬೇಕು. ಹಾಗೆ ಒಂದರ ಮೇಲೊಂದು ಐದು ಕೈ.

ನಡುವೆ ಒಂದು ಅಡ್ಡಿ. ಮೂರನೆಯ ಕೈಗೆ ಬಂದಾಗ ಬಳಿಯುವವರು ವಾಡಿಕೆಯಂತೆ ಸುಣ್ಣಕ್ಕೆ ನೀಲಿ ಬೆರೆಸಿದ್ದರು. ಮನೆಗೆ ಅದು ಸರಿ, ಕಣ್ಣಿಗೆ ಬಿಳುಪು ಹೆಚ್ಚುತ್ತದೆ. ಇಲ್ಲಿ ಕಿತ್ತಳೆ ಬೆಳಕು ಬಿಟ್ಟು ನೋಡಿದರೆ ಗೂಡಿನ ಎಡಪಾರ್ಶ್ವ ಮಂಕಾಗಿ, ಬೂದಿ ಸವರಿದಂತೆ ಕಂಡಿತು. ಕಿತ್ತಳೆಯನ್ನು ನೀಲಿ ನುಂಗುತ್ತದೆ. ಅದರ ಮೇಲೆ ನೀಲಿ ಇಲ್ಲದ ಎರಡು ಕೈ ಹೆಚ್ಚು ಬಳಿಸಿದ ಮೇಲೆ ಸಮವಾಯಿತು. ಸುಣ್ಣ, ಕೂಲಿ ಸೇರಿ 11,000.

5. ಕಿಂಡಿಯ ಅಂಚು, ಫೆಬ್ರವರಿ

ಇಡೀ ಕೋಣೆಯಲ್ಲಿ ಅತಿ ಸೂಕ್ಷ್ಮವಾದ ಭಾಗ ಇದೇ. ಅಂಚಿನ ದಪ್ಪ ಕಂಡರೆ ಕಿಂಡಿ ಕಿಟಕಿಯಾಗುತ್ತದೆ, ಕಿಟಕಿ ಎಂದು ತಿಳಿದ ಕೂಡಲೇ ಕಣ್ಣು ಅದರಾಚೆಗಿನ ಆಳವನ್ನು ಅಳೆಯಲು ತೊಡಗುತ್ತದೆ. ಆದ್ದರಿಂದ ಹಲಗೆಯನ್ನು ಹಿಂಬದಿಯಿಂದ ಓರೆಯಾಗಿ ಕೆತ್ತಿ, ನೋಡುವವರ ಕಡೆಗೆ ಎರಡು ಮಿಲಿಮೀಟರ್ ಅಂಚು ಮಾತ್ರ ಉಳಿಸಬೇಕು.

ತೋಟಗಳಲ್ಲಿ ಧಾರಾಳವಾಗಿ ಸಿಗುವ ಸಿಲ್ವರ್ ಓಕ್ ಹಲಗೆ ಮೊದಲು ಹಾಕಿದೆವು. ಕೂರಿಸಿದಾಗ ನೂಲು ಹಿಡಿದಂತಿತ್ತು. ಫೆಬ್ರವರಿಯ ಒಣಹವೆಗೆ ಮೇಲಿನ ಎಂಟಡಿಯ ಹಲಗೆ ತಿರುಚಿ, ನಡುವೆ ಅರ್ಧ ಇಂಚು ಮುಂದೆ ಬಂತು. ಅದನ್ನು ತೆಗೆದು, ಒಬ್ಬರ ಅಟ್ಟದಲ್ಲಿ ವರ್ಷಗಟ್ಟಲೆ ಒಣಗಿದ್ದ ಹಲಸಿನ ಹಲಗೆ ತಂದೆವು, ಒಂದೂವರೆ ಇಂಚು ದಪ್ಪದ್ದು. ಬಡಗಿ ಅದನ್ನು ಯಂತ್ರಕ್ಕೆ ಕೊಡಲಿಲ್ಲ. ಕೊನೆಯ ಕಾಲು ಇಂಚನ್ನು ಉಜ್ಜುಗೊರಡಿನಲ್ಲೇ ಇಳಿಸಿದರು. ಹಳದಿ ಸುರುಳಿಗಳು ತೆಳುವಾಗುತ್ತ ಬಂದು, ಕೊನೆಯವುಗಳ ಮೂಲಕ ಬೆಳಕು ಹಾಯುತ್ತಿತ್ತು. ಪ್ರತಿ ಮಟ್ಟಕ್ಕೂ ಬಲ್ಬನ್ನು ಹಿಂದೆ ಹಿಡಿದು ಅಂಚಿನುದ್ದಕ್ಕೂ ಕಣ್ಣು ಹಾಯಿಸುತ್ತಿದ್ದರು. ಬೆಳಕಿನ ಗೆರೆ ಎಲ್ಲಾದರೂ ದಪ್ಪವಾದರೆ ಅಲ್ಲಿ ಇನ್ನೂ ಮರವಿದೆ ಎಂದರ್ಥ. ನಾಲ್ಕು ಮೂಲೆಗಳ ಸೇರಿಕೆಗೆ ಮೊಳೆ ಇಲ್ಲ, ಹಿಂದಿನಿಂದ ಸ್ಕ್ರೂ. ಮರ ಮತ್ತು ಗಾರೆ ಕೂಡುವ ಸಂದಿಗೆ ತೆಳು ಹತ್ತಿ ಬಟ್ಟೆಯ ಪಟ್ಟಿ ಅಂಟಿಸಿ ಮೇಲೆ ಸುಣ್ಣ. ಅಲ್ಲಿ ಕೂದಲೆಳೆಯ ಬಿರುಕು ಇನ್ನೂ ಬರುತ್ತಿರುತ್ತದೆ, ಆಗಾಗ ತುಂಬಬೇಕು. ಸಿಲ್ವರ್ ಓಕ್‌ನ ದಂಡವೂ ಸೇರಿ ಮರಗೆಲಸ 26,500.

6. ದೀಪಗಳು, ಫೆಬ್ರವರಿಯಿಂದ ಮಾರ್ಚ್

ಮೊದಲು ತಂದದ್ದು 5 ವೋಲ್ಟಿನ, ಒಂದೊಂದು ಕಣವನ್ನೂ ಬೇರೆ ಬೇರೆ ಆಳಬಹುದಾದ ಡಬ್ಲ್ಯೂಎಸ್2812ಬಿ ಪಟ್ಟಿ. ಮೀಟರಿಗೆ 60 ಎಲ್‌ಇಡಿ, ಪೂರ್ಣ ಬಿಳಿಯಲ್ಲಿ ಮೀಟರಿಗೆ ಸುಮಾರು 3.6 ಆಂಪಿಯರ್. ನಮಗೆ ಬೇಕಾದ 17 ಮೀಟರಿಗೆ 60 ಆಂಪಿಯರ್ ದಾಟುತ್ತದೆ. ದೂರದ ತುದಿಯಲ್ಲಿ ವೋಲ್ಟೇಜ್ ಇಳಿದು ಬಿಳಿ ಹಳದಿಯಾಯಿತು; ನೀಲಿ, ಹಸಿರು ಕಣಗಳು ಕೆಂಪಿಗಿಂತ ಮೊದಲು ಸೋಲುತ್ತವೆ. ಅದಕ್ಕಿಂತ ದೊಡ್ಡ ತೊಂದರೆ ಮಂದ ಬೆಳಕಿನಲ್ಲಿ. ಕತ್ತಲಿಂದ ಮೇಲೇಳುವಾಗ ಹೊಳಪಿನ 256 ಮೆಟ್ಟಿಲಷ್ಟೇ ಇರುವುದರಿಂದ ಕೆಳಗಿನ ಕೆಲವು ಮೆಟ್ಟಿಲುಗಳು ಎಣಿಸುವಷ್ಟು ಸ್ಪಷ್ಟ. ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಅದು ಜರ್ಕು ಹೊಡೆದಂತೆ. 9,000 ರೂಪಾಯಿಯ ಆ ಪಟ್ಟಿಗಳು ಈಗ ಒಂದು ನಾಟಕ ತಂಡದ ಪೆಟ್ಟಿಗೆಯಲ್ಲಿವೆ.

ಬದಲಿಗೆ 24 ವೋಲ್ಟಿನ, ಕೆಂಪು ಹಸಿರು ನೀಲಿ ಬಿಳಿ ನಾಲ್ಕೂ ಇರುವ ಸಾದಾ ಪಟ್ಟಿ, ಮೀಟರಿಗೆ 19.2 ವ್ಯಾಟ್. ಕಿಂಡಿಯ ನಾಲ್ಕೂ ಪಾರ್ಶ್ವಕ್ಕೆ ಎರಡೆರಡು ಸಾಲು, ಅಂಚಿನಿಂದ 8 ಇಂಚು ಹಿಂದೆ, ಅಲ್ಯೂಮಿನಿಯಂ ಪ್ರೊಫೈಲಿನಲ್ಲಿ (ಪಟ್ಟಿ ಕೂರಿಸುವ ಉದ್ದನೆಯ ತೊಟ್ಟಿಯಂಥದ್ದು) ಹಾಲುಬಣ್ಣದ ಮುಚ್ಚಳದೊಂದಿಗೆ. ಒಟ್ಟು 326 ವ್ಯಾಟ್. ಮನೆಯ ಕರೆಂಟನ್ನು ಪಟ್ಟಿಗೆ ಬೇಕಾದ ವೋಲ್ಟೇಜಿಗೆ ಇಳಿಸಿಕೊಡುವ, 24 ವೋಲ್ಟ್ 20 ಆಂಪಿಯರಿನ ಒಂದು ಎಸ್‌ಎಂಪಿಎಸ್ ಆರಾಮವಾಗಿ ಹೊರುತ್ತದೆ. ಯಾವ ತುಂಡೂ ಎರಡೂವರೆ ಮೀಟರ್ ದಾಟದಂತೆ ತಂತಿ ಎಳೆದದ್ದರಿಂದ ತುದಿಯಲ್ಲಿ ಬಣ್ಣ ಕೆಡುವ ಮಾತೇ ಇಲ್ಲ. ಎಸ್‌ಎಂಪಿಎಸ್ ಗೂಡಿನ ಹೊರಗೆ, ಅದರ ಫ್ಯಾನ್ ಸದ್ದು ಒಳಗೆ ಕೇಳಬಾರದು.

ನಿಯಂತ್ರಣಕ್ಕೆ ಇಎಸ್‌ಪಿ32 ಬೋರ್ಡು, ಪ್ರೋಗ್ರಾಂ ತುಂಬಬಹುದಾದ ಪುಟ್ಟ ಕಂಪ್ಯೂಟರ್. ನಾಲ್ಕು ಪಾರ್ಶ್ವ, ನಾಲ್ಕು ಬಣ್ಣ, ಒಟ್ಟು 16 ನಿಯಂತ್ರಣ ಸಾಲು. ಆ ಬೋರ್ಡಿನ ಚಿಪ್‌ನಲ್ಲಿ ದೀಪ ಮಂದಗೊಳಿಸುವ ಸಾಲುಗಳೂ ಸರಿಯಾಗಿ 16. ಪ್ರತಿ ಸಾಲನ್ನೂ 16 ಬಿಟ್‌ಗೆ ಇಟ್ಟರೆ 65,536 ಮೆಟ್ಟಿಲು ಸಿಗುತ್ತವೆ, ದೀಪ ಆರಿ ಹೊತ್ತುವ ಮಿಡಿತ ಸೆಕೆಂಡಿಗೆ ಸುಮಾರು 1,220. ಈಗ ಕತ್ತಲಿನಿಂದ ಏಳುವ ಬೆಳಕಿನಲ್ಲಿ ಮೆಟ್ಟಿಲು ಕಾಣುವುದಿಲ್ಲ. ಬೋರ್ಡಿನ ಸನ್ನೆಯಂತೆ ದೀಪಕ್ಕೆ ಕರೆಂಟು ಬಿಡುವ ಮಾಸ್‌ಫೆಟ್ ಸ್ವಿಚ್‌ಗಳಾಗಿ ಮೊದಲು ಐಆರ್‌ಎಫ್‌ಝಡ್44ಎನ್ ಹಾಕಿದಾಗ ಒಂದು ಸಾಲು ಪೂರ್ತಿ ಹೊತ್ತಿದರೆ ಪಕ್ಕದ್ದು ಅರ್ಧ ಹೊತ್ತುತ್ತಿತ್ತು, ಬೋರ್ಡು ಕೊಡುವ 3.3 ವೋಲ್ಟಿಗೆ ಅವು ಸರಿಯಾಗಿ ತೆರೆಯುವುದಿಲ್ಲ. ಐಆರ್‌ಎಲ್‌ಝಡ್44ಎನ್ ಹಾಕಿದ ಮೇಲೆ ಎಲ್ಲವೂ ಒಂದೇ ಸಮ.

ಮುಚ್ಚಿಗೆಯೂ ನೆಲವೂ ಕಿಂಡಿಗೆ ಎರಡೂವರೆ ಅಡಿ ಹತ್ತಿರ, ಪಕ್ಕದ ಗೋಡೆಗಳು ನಾಲ್ಕು ಅಡಿ ದೂರ. ಹಾಗಾಗಿ ಮೇಲೆ ಕೆಳಗೆ ಬೆಳಕು ಹೆಚ್ಚಾಗಿ, ನಡುವೆ ಮಂಕಾಗಿತ್ತು. ಮೇಲಿನ ಮತ್ತು ಕೆಳಗಿನ ಸಾಲನ್ನು ಶೇ 60ಕ್ಕೆ ಇಳಿಸಿದಾಗ ಸಮತಟ್ಟಾಯಿತು. ಮೊಬೈಲ್ ಕ್ಯಾಮೆರಾದ ಎಕ್ಸ್‌ಪೋಷರ್ ಬೀಗ ಹಾಕಿ ತೆಗೆದ ಚಿತ್ರವೇ ಇದಕ್ಕೆ ಸಾಕಾದ ಅಳತೆಗೋಲು.

ಬಣ್ಣಗಳ ಸುತ್ತು 12 ನಿಮಿಷದ್ದು. ಇನ್ನೂ ಬೇಗ ಬದಲಾಗಲಿ, ಜನ ಬೇಸರಪಡುತ್ತಾರೆ ಎಂಬ ಸಲಹೆ ಬಂತು. ನಾನು ಒಪ್ಪಲಿಲ್ಲ. ಜಾತ್ರೆಯ ಸೀರಿಯಲ್ ದೀಪಕ್ಕೆ ಅದರದೇ ಸೊಗಸಿದೆ, ಅದು ಬೇರೆ ಕೆಲಸ. ಇಲ್ಲಿ ಕಿತ್ತಳೆಯನ್ನು ಐದಾರು ನಿಮಿಷ ನೋಡಿದವರು ಹೊರಳಿ ಬಾಗಿಲ ಸಂದಿಯ ಹಗಲನ್ನು ನೋಡಿದರೆ ಅದು ನೀಲಿಯಾಗಿ ಕಾಣುತ್ತದೆ. ಆ ಅನುಭವಕ್ಕೆ ಸಮಯವೇ ಬಂಡವಾಳ.

ಪಟ್ಟಿ, ಪ್ರೊಫೈಲ್, ಎಸ್‌ಎಂಪಿಎಸ್, ಬೋರ್ಡು ಸೇರಿ 24,000. ವೈರಿಂಗ್, ಅರ್ತಿಂಗ್, ಕರೆಂಟು ಸೋರಿದರೆ ತಾನಾಗಿ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಸಿಡಿಲಿನ ವೋಲ್ಟೇಜ್ ತಡೆಯುವ ಸಾಧನ ಸೇರಿ 19,500. ಮುಂಗಾರುಪೂರ್ವ ಮಳೆಯ ಗುಡುಗು ಸಿಡಿಲಿಗೆ ಕೊನೆಯದು ಬೇಕೇ ಬೇಕು. ಕರೆಂಟು ಹೋಗಿ ಬಂದಾಗ ದೀಪ ಫಕ್ಕನೆ ಹೊತ್ತದೆ, ಎರಡು ನಿಮಿಷ ತೆಗೆದುಕೊಂಡು ಕತ್ತಲಿನಿಂದ ಮೇಲೇಳುವಂತೆ ಪ್ರೋಗ್ರಾಂ ಮಾಡಿದ್ದೇನೆ.

7. ಕತ್ತಲ ಓಣಿ ಮತ್ತು ನೆಲ, ಮಾರ್ಚ್

ಬೇಲೂರು ಇಲ್ಲಿಂದ ಹೆಚ್ಚು ದೂರವಿಲ್ಲ. ಚೆನ್ನಕೇಶವ ದೇವಾಲಯದ ನವರಂಗಕ್ಕೆ ಹೊಯ್ಸಳ ದೊರೆ ವೀರಬಲ್ಲಾಳನ ಕಾಲದಲ್ಲಿ ಕಲ್ಲಿನ ಜಾಲಂಧ್ರಗಳನ್ನು ಕೂರಿಸಿದ ಮೇಲೆ ಒಳಗೆ ಕತ್ತಲು ಕೂತಿತು. ಹೊರಗಿನ ಬಿಸಿಲಿನಿಂದ ಒಳಗೆ ಹೋದವರಿಗೆ ಮೊದಲು ಏನೂ ಕಾಣುವುದಿಲ್ಲ, ನಿಂತವರಿಗೆ ಮಾತ್ರ ಕಂಬ, ಭುವನೇಶ್ವರಿ (ಕೆತ್ತನೆಯ ಮುಚ್ಚಿಗೆ) ಒಂದೊಂದಾಗಿ ಸಿಗುತ್ತವೆ. ಓಣಿಯ ಉದ್ದವನ್ನು ಗೊತ್ತು ಮಾಡುವ ಮುಂಚೆ ಅಲ್ಲಿ ಹೋಗಿ, ಒಳಹೊಕ್ಕವರು ಎಷ್ಟು ಹೊತ್ತಿಗೆ ತಲೆ ಎತ್ತುತ್ತಾರೆ ಎಂದು ನೋಡಿದೆ. ಸುಮ್ಮನೆ ನಡೆದು ದಾಟುವ ಓಣಿ ಸಾಲದು ಎಂದು ತಿಳಿಯಿತು. ನಮ್ಮ ಓಣಿ 16 ಅಡಿ; ಅದರ ಕೊನೆಯಲ್ಲಿ ಬೆಂಚು ಹಾಕಿದೆ. ಚಪ್ಪಲಿ ಬಿಟ್ಟು, ಮೊಬೈಲ್ ಕೊಟ್ಟು ಅಲ್ಲಿ ಕೂರಬೇಕು.

ಸುರಕ್ಷತೆಯ ವಿಷಯದಲ್ಲಿ ಹಳೆಯ ಪಾಠವೊಂದಿದೆ. 1980ರಲ್ಲಿ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದಲ್ಲಿ ಟರೆಲ್ ಪ್ರದರ್ಶನ ನೋಡಲು ಬಂದ ಮಹಿಳೆಯೊಬ್ಬರು ಬೆಳಕನ್ನು ಗೋಡೆ ಎಂದು ತಿಳಿದು ಒರಗಲು ಹೋಗಿ ಬಿದ್ದರು, ಮೊಕದ್ದಮೆಯೂ ಆಯಿತು. ನಮ್ಮ ಕಿಂಡಿಗೆ ಎರಡೂವರೆ ಅಡಿಯ ಕಟ್ಟೆ ಇದೆ, ಅಷ್ಟು ಸಾಲದು. ಹಗ್ಗ ಕಟ್ಟಿದರೆ ಕಣ್ಣಿಗೆ ಅಡ್ಡ. ಕೋಣೆಯ ನೆಲಕ್ಕೆಲ್ಲ ಮೆತ್ತನೆಯ ಜಮಖಾನ ಹಾಸಿ, ಕಿಂಡಿಗೆ ಮೂರು ಅಡಿ ಮುಂಚೆ ಒರಟು ತೆಂಗಿನ ನಾರಿನ ಚಾಪೆ ಹಾಸಿದೆವು. ಬರಿಗಾಲಿಗೆ ನಾರು ತಾಗಿದ ಕೂಡಲೇ ಹೆಜ್ಜೆ ತಾನಾಗಿ ನಿಧಾನವಾಗುತ್ತದೆ. ಗ್ಯಾಲರಿಯವರ ಮನೆಯ ಹಿರಿಯರೊಬ್ಬರನ್ನು ಮೊದಲು ಒಳಗೆ ಕರೆದೊಯ್ದಾಗ ಅವರು ಚಾಪೆಯ ಮೇಲೆ ನಿಂತು, “ಇಲ್ಲಿಂದ ಮುಂದೆ ಏನೋ ಇದೆ ಅಲ್ಲವೇನಪ್ಪ” ಎಂದು ಕೇಳಿದರು. ನನಗೆ ಬೇಕಾಗಿದ್ದ ಪ್ರಮಾಣಪತ್ರ ಅದೇ.

8. ಹುಳುಗಳು, ಏಪ್ರಿಲ್‌ನಿಂದ ಮೇ

ಮೊದಲ ಮಳೆ ಬಿದ್ದ ಸಂಜೆ ದೀಪದ ಹುಳುಗಳು ಹೆಂಚಿನ ಸಂದಿಯಿಂದ ಇಳಿದು ಗೂಡು ತುಂಬಿದವು. ಇಡೀ ಗೂಡಿನಲ್ಲಿ ಒಂದೇ ಒಂದು ಪತಂಗ ಕೂತರೂ ಸಾಕು, ಕಣ್ಣು ಅದನ್ನೇ ಹಿಡಿಯುತ್ತದೆ, ಆಳ ತಿಳಿದುಬಿಡುತ್ತದೆ, ಬಣ್ಣದ ಹಾಳೆ ಮಾಯವಾಗುತ್ತದೆ. ಹುಳು ಬಂದರೆ ಹಲ್ಲಿ, ಹಲ್ಲಿ ಬಂದರೆ ಸುಣ್ಣದ ಮೇಲೆ ಹಿಕ್ಕೆ. ಔಷಧ ಹೊಡೆದರೆ ಕಲೆ. ಕೊನೆಗೆ ಚೌಕಟ್ಟಿನ ಹೊರಮೈಗೆಲ್ಲ ಸೊಳ್ಳೆ ಜಾಲರಿ ಹೊದಿಸಿ ಸಂದಿಗಳಿಗೆ ಫೋಮ್ ತುಂಬಿದೆವು. ಓಣಿಯ ಎರಡೂ ತುದಿಗೆ ದಪ್ಪ ಪರದೆ, ಒಂದು ಮುಚ್ಚಿದ ಮೇಲೆಯೇ ಇನ್ನೊಂದನ್ನು ಸರಿಸುವ ನಿಯಮ. ಗೋದಾಮಿನ ಹೊರಗೆ, ದೂರದ ಮೂಲೆಯಲ್ಲಿ ಸಂಜೆಯಿಡೀ ಒಂದು ಬಿಳಿ ಟ್ಯೂಬ್‌ಲೈಟ್ ಉರಿಸಿಡುತ್ತೇವೆ, ಹುಳುಗಳು ಅಲ್ಲಿಗೆ ಹೋಗುತ್ತವೆ. ಜಾಲರಿ, ಫೋಮ್, ಪರದೆ, ನೆಲಹಾಸುಗಳನ್ನು ಗ್ಯಾಲರಿಯವರೇ ಕೊಂಡರು, ನನ್ನ ಲೆಕ್ಕದಲ್ಲಿಲ್ಲ.

ಲೆಕ್ಕ ಮತ್ತು ಬಾಕಿ ಕೆಲಸ

ಕೆಟ್ಟ ಜಿಪ್ಸಂ ಹಲಗೆ, 5 ವೋಲ್ಟಿನ ಪಟ್ಟಿ ಎರಡನ್ನೂ ಸೇರಿಸಿ ನನ್ನ ಪುಸ್ತಕದಲ್ಲಿ 2,37,000 ರೂಪಾಯಿ.

ಬಾಕಿ ಇರುವುದು ಇಷ್ಟು. ಗೋದಾಮಿನ ಮಾಡು ಹಳೆಯ ಕಟ್ಟಡಕ್ಕೆ ಕೂಡುವ ಕಡೆ ಮಳೆನೀರು ಹರಿಯುವ ತಗಡಿನ ದೋಣಿ ಕಿರಿದಾಗಿದೆ, ಜೋರು ಮಳೆಗೆ ಉಕ್ಕುತ್ತದೆ. ಅದನ್ನು 9 ಇಂಚಿಗೆ ಅಗಲ ಮಾಡಿಸಬೇಕು. ಮಳೆಗಾಲ ಮುಗಿದ ಮೇಲೆ ಗೂಡಿನ ಕೆಳಭಾಗಕ್ಕೆ ಒಂದು ಕೈ ಸುಣ್ಣ. ಇನ್ನೊಂದು ಇಎಸ್‌ಪಿ32 ಬೋರ್ಡಿಗೂ ಪ್ರೋಗ್ರಾಂ ತುಂಬಿ ಗ್ಯಾಲರಿಯ ಕಪಾಟಿನಲ್ಲಿಟ್ಟಿದ್ದೇನೆ, ಬದಲಿಸುವ ಕ್ರಮವನ್ನು ಕಾಗದದಲ್ಲಿ ಬರೆದು ಅದರ ಪೆಟ್ಟಿಗೆಗೆ ಅಂಟಿಸುವುದು ಈ ವಾರದ ಕೆಲಸ.